ಡಿಸೈನ್ ಕೆಲ್ಸಕ್ಕೆ ಬ್ರ್ಯಾಂಡೆಡ್ ಸಿಸ್ಟಮ್ಮಾ, ಅಸೆಂಬಲ್ಡಾ? ಪದೇ ಪದೇ ಕೇಳೋ ಪ್ರಶ್ನೆಗಳು

ದಾವಣಗೆರೆಯಲ್ಲಿ ಹನ್ನೆರಡು ವರ್ಷದಿಂದ ಡಿಸೈನ್ ಕೆಲ್ಸ ಮಾಡ್ಕೊಂಡಿದೀನಿ, ಲಗ್ನಪತ್ರಿಕೆ, ಬ್ಯಾನರ್, ಪುಸ್ತಕದ ಕವರ್, ಈಗೀಗ ವಿಡಿಯೋ ಎಡಿಟಿಂಗೂ ಸೇರ್ಕೊಂಡಿದೆ. ಹೊಸದಾಗಿ ಅಂಗಡಿ ಹಾಕೋ ಹುಡುಗ್ರು, ಪ್ರೆಸ್ಸಿನವ್ರು, ಕಾಲೇಜಿನ ಮಕ್ಕಳ ಅಪ್ಪ ಅಮ್ಮ, ಎಲ್ರೂ ಫೋನ್ ಮಾಡಿ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಅವ್ರು ಕೇಳಿದ ಮಾತಲ್ಲೇ ಬರ್ದಿದೀನಿ. ಬ್ರ್ಯಾಂಡೆಡ್ ಅಂದ್ರೆ ಕಂಪ್ನಿಯವ್ರೇ ಜೋಡಿಸಿ ಮಾರೋ ಕಂಪ್ಯೂಟರ್, ಅಸೆಂಬಲ್ಡ್ ಅಂದ್ರೆ ಪಾರ್ಟ್ಸ್ ಬಿಡಿಬಿಡಿಯಾಗಿ ತಂದು ಜೋಡಿಸಿದ್ದು. ಸುಲಭದ್ದು ಮೊದ್ಲು, ತಲೆ ತಿನ್ನೋವು ಆಮೇಲೆ.

## ಶುರುವಲ್ಲಿ ಕೇಳೋವು

ಸರ್, ಬ್ರ್ಯಾಂಡೆಡ್ ತಗೊಳ್ಳೋದಾ ಅಸೆಂಬಲ್ ಮಾಡ್ಸೋದಾ, ಒಂದೇ ಮಾತಲ್ಲಿ ಹೇಳಿ

ನಾಳೆ ಬೆಳಿಗ್ಗೆ ಸಿಸ್ಟಮ್ ಆನ್ ಆಗ್ಲಿಲ್ಲ ಅಂದ್ರೆ ಯಾರಿಗೆ ಫೋನ್ ಮಾಡ್ತೀರಾ? ಆ ಹೆಸ್ರು ಈಗ್ಲೇ ಬಾಯಿಗೆ ಬಂತು ಅಂದ್ರೆ ಅಸೆಂಬಲ್ ಮಾಡ್ಸಿ, ಬರ್ಲಿಲ್ಲ ಅಂದ್ರೆ ಬ್ರ್ಯಾಂಡೆಡ್ ತಗೊಳ್ಳಿ. ನನ್ನ ಪ್ರಕಾರ ಇಷ್ಟೇ. ವೇಗ, ರೇಟು, ಲುಕ್ಕು ಎಲ್ಲಾ ಆಮೇಲಿನ ಮಾತು. ಡಿಸೈನ್ ಕೆಲ್ಸದಲ್ಲಿ ನಾವು ಮಾರೋದು ಟೈಮು, ಮದುವೆ ಡೇಟ್ ಮುಂದಕ್ಕೆ ಹೋಗಲ್ಲ, ಜಾತ್ರೆ ಡೇಟ್ ಮುಂದಕ್ಕೆ ಹೋಗಲ್ಲ, ಸಿಸ್ಟಮ್ ನಾಲ್ಕು ದಿನ ಮಲಗಿದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ, ಒಂದ್ಸಲ ಹೋದವ್ನು ವಾಪಸ್ ಬರೋದು ಕಷ್ಟ. ಸ್ವಂತ ಕ್ಯಾಬಿನೆಟ್ ಬಿಚ್ಚಿ ರ‍್ಯಾಮ್ ಕಿತ್ತು ಒರೆಸಿ ಹಾಕೋಷ್ಟು ಧೈರ್ಯ ನಿಮಗಿದ್ರೆ ಆ ಫೋನ್ ನಂಬರ್ ನಿಮ್ದೇ ಅಂದ್ಕೊಳ್ಳಿ.

ಡಿಸೈನ್ ಅಂದ್ಮೇಲೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಲ್ವಾ?

ಇಲ್ಲ. "ಗ್ರಾಫಿಕ್ ಡಿಸೈನ್" ಅನ್ನೋದ್ರಲ್ಲೂ ಗ್ರಾಫಿಕ್ ಇದೆ, "ಗ್ರಾಫಿಕ್ಸ್ ಕಾರ್ಡ್" ಅನ್ನೋದ್ರಲ್ಲೂ ಇದೆ, ಅದಕ್ಕೇ ಈ ಗೊಂದಲ. ಕೋರೆಲ್‌ಡ್ರಾ, ಇಲ್ಲಸ್ಟ್ರೇಟರ್, ಇನ್‌ಡಿಸೈನ್, ಪೇಜ್ ಲೇಔಟ್ ಇಷ್ಟೇ ಕೆಲ್ಸ ಆದ್ರೆ ಪ್ರೊಸೆಸರ್ ಒಳಗೇ ಇರೋ ಗ್ರಾಫಿಕ್ಸ್ ಸಾಕು, ಆ ದುಡ್ಡನ್ನ ಒಳ್ಳೆ ಪ್ರೊಸೆಸರ್‌ಗೆ, ರ‍್ಯಾಮಿಗೆ, ಮಾನಿಟರಿಗೆ ಹಾಕಿ. ಫೋಟೋಶಾಪಲ್ಲೂ ದಿನನಿತ್ಯದ ಕಟಿಂಗ್, ಲೇಯರ್ ಕೆಲ್ಸಕ್ಕೆ ದೊಡ್ಡ ಕಾರ್ಡ್ ಬೇಕಿಲ್ಲ. ಆದ್ರೆ ಮದುವೆ ಫೋಟೋಗಳಿಗೆ ಕ್ಯಾಮೆರಾ ರಾ ಒಳಗಿನ ಎಐ ಡಿನಾಯ್ಸ್ ಬಳಸ್ತೀರಾ ಅಂದ್ರೆ ಕಾರ್ಡ್ ಇದ್ರೆ ಒಂದೊಂದು ಫೋಟೋಗೆ ಸೆಕೆಂಡ್‌ಗಳು, ಇಲ್ದಿದ್ರೆ ನಿಮಿಷಗಳು, 800 ಫೋಟೋ ಇರೋ ಮದುವೆಗೆ ಲೆಕ್ಕ ಹಾಕಿ ನೋಡಿ. ಒಂದು ಎಚ್ಚರಿಕೆ: ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಅಂತಿದ್ರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರಲ್ಲ, ಕಾರ್ಡ್ ಇಲ್ದೆ ಸ್ಕ್ರೀನೇ ಬರಲ್ಲ.

ಫೋಟೋಶಾಪಲ್ಲಿ ಕನ್ನಡ ಒತ್ತಕ್ಷರ ಒಡ್ಕೊಂಡು ಬರ್ತಿದೆ, ಹೊಸ ಸಿಸ್ಟಮ್ ತಗೊಂಡ್ರೆ ಸರಿಹೋಗುತ್ತಾ?

ದಯವಿಟ್ಟು ಇದಕ್ಕೋಸ್ಕರ ಸಿಸ್ಟಮ್ ಬದಲಾಯಿಸ್ಬೇಡಿ. ಇದು ಸೆಟ್ಟಿಂಗ್ ಸಮಸ್ಯೆ. ಪ್ರಿಫರೆನ್ಸಸ್ ಒಳಗೆ ಟೈಪ್ ಅಂತಿದೆ, ಅಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿ, ಹಳೆ ವರ್ಷನ್ ಆದ್ರೆ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಅಂತಿರುತ್ತೆ, ಆರಿಸಿ ಸಾಫ್ಟ್‌ವೇರ್ ಮುಚ್ಚಿ ತೆಗೆದು ಹೊಸ ಫೈಲಲ್ಲಿ ಟೈಪ್ ಮಾಡಿ, "ಕ್ಷ", "ಸ್ತ್ರೀ", "ರ್ಯ" ಎಲ್ಲಾ ಸರಿಯಾಗಿ ಕೂರುತ್ತೆ. ಇದು ಯೂನಿಕೋಡ್, ಅಂದ್ರೆ ಮೊಬೈಲು, ವೆಬ್‌ಸೈಟಲ್ಲೆಲ್ಲಾ ಓಡೋ ಫಾಂಟಿನ ಮಾತು. ನುಡಿ 01 ಇ ತರದ ಹಳೆ ಆಸ್ಕಿ ಫಾಂಟಲ್ಲಿ ಒತ್ತಕ್ಷರಗಳು ತುಂಡುತುಂಡಾಗಿ ಫಾಂಟೊಳಗೇ ಇರೋದ್ರಿಂದ ಅಲ್ಲಿ ಈ ತೊಂದ್ರೆ ಬರಲ್ಲ. ಹಾಗೇ ನೆನಪಿಗೆ, ನಿಮ್ಮತ್ರ ಡಾಂಗಲ್ (ಲೈಸೆನ್ಸಿಗೆ ಅಂತ ಸಿಸ್ಟಮ್ಮಿಗೆ ಚುಚ್ಚೋ ಸಣ್ಣ ಕಡ್ಡಿ) ಚುಚ್ಚಿ ಓಡಿಸೋ ಹಳೆ ಕನ್ನಡ ಸಾಫ್ಟ್‌ವೇರ್ ಇದ್ರೆ ಹೊಸ ಸಿಸ್ಟಮ್ಮಿಗೆ ದುಡ್ಡು ಕೊಡೋಕೆ ಮುಂಚೆ ಆ ಡಾಂಗಲ್ ಹೊಸ ವಿಂಡೋಸಲ್ಲಿ ಓಡುತ್ತಾ ಅಂತ ಬೇರೆಯವ್ರ ಸಿಸ್ಟಮಲ್ಲಿ ಒಂದ್ಸಲ ಚುಚ್ಚಿ ನೋಡ್ಬಿಡಿ.

ಮ್ಯಾಕ್ ಮಿನಿ ಚೀಪಾಗಿದೆಯಂತಲ್ಲ, ಅದೇ ತಗೊಂಡ್ರೆ?

2024ರ ಕೊನೆಗೆ ಬಂದ ಎಂ4 ಮ್ಯಾಕ್ ಮಿನಿ 16 ಜಿಬಿ ಮೆಮೊರಿ ಜೊತೆ 59,900 ರೂಪಾಯಿಗೆ ಶುರುವಾಯ್ತು, ಆ ರೇಟಿಗೆ ನಿಜವಾಗ್ಲೂ ಒಳ್ಳೆ ಮಷೀನು. ಇಂಗ್ಲಿಷ್ ಕೆಲ್ಸ, ಸೋಷಿಯಲ್ ಮೀಡಿಯಾ ಪೋಸ್ಟರ್, ವಿಡಿಯೋ ಎಡಿಟಿಂಗ್ ಮಾಡೋರು ಧೈರ್ಯವಾಗಿ ತಗೋಬೋದು. ಆದ್ರೆ ಮೆಮೊರಿ ಆಮೇಲೆ ಹೆಚ್ಚಿಸೋಕಾಗಲ್ಲ, ಮತ್ತೆ ನಿಮ್ಮ ಹತ್ತು ವರ್ಷದ ನುಡಿ ಫೈಲುಗಳು, ಪ್ರೆಸ್ಸಿನವ್ರ ಜೊತೆ ಕೊಟ್ಟು ತಗೊಳ್ಳೋ ಹಳೆ ಕೋರೆಲ್ ಫೈಲುಗಳು ಎಲ್ಲಾ ವಿಂಡೋಸ್ ಲೋಕದ್ದು. ಕನ್ನಡ ಪ್ರಿಂಟಿಂಗ್ ಕೆಲ್ಸ ಜಾಸ್ತಿ ಇರೋರಿಗೆ ನಾನು ಹೇಳಲ್ಲ.

## ದುಡ್ಡಿನ ಮಾತು

ಅಸೆಂಬಲ್ ಮಾಡ್ಸಿದ್ರೆ ಅರ್ಧ ರೇಟಿಗೆ ಆಗುತ್ತೆ ಅಂತಾರೆ, ನಿಜಾನಾ?

ಹಿಂದೆ ಸ್ವಲ್ಪ ನಿಜ ಇತ್ತು, ಈಗ ಇಲ್ಲ. ಬ್ರ್ಯಾಂಡೆಡ್ ರೇಟಲ್ಲಿ ವಿಂಡೋಸ್ ಲೈಸೆನ್ಸ್, ಕೀಬೋರ್ಡ್, ಮೌಸ್, ಮನೆಗೆ ಬರೋ ವಾರಂಟಿ ಎಲ್ಲಾ ಸಾಮಾನ್ಯವಾಗಿ ಸೇರಿರುತ್ತೆ, ಅಸೆಂಬಲ್ಡ್ ಕೊಟೇಷನ್ನಲ್ಲಿ ಇವು ಇರಲ್ಲ, ಕ್ರ್ಯಾಕ್ ವಿಂಡೋಸ್ ಹಾಕ್ಕೊಟ್ಟು ಕಡ್ಮೆ ಅಂತ ತೋರಿಸ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಿ. ಇನ್ನೊಂದು, 2025ರ ಕೊನೆ ತಿಂಗಳುಗಳಲ್ಲಿ ರ‍್ಯಾಮ್ ರೇಟು ಎರಡು ಪಟ್ಟಿಗೂ ಮೀರಿ ಹೋಯ್ತು, ಯಾಕಂದ್ರೆ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೂ ಕಂಪ್ನಿಗಳು ಎಐ ಡೇಟಾ ಸೆಂಟರಿಗೆ ಬೇಕಾದ ಮೆಮೊರಿ ಕಡೆಗೆ ವಾಲಿದ್ವು, ಮೈಕ್ರಾನ್ ಅಂತೂ ಡಿಸೆಂಬರಲ್ಲಿ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸ್ತೀವಿ ಅಂತ ಹೇಳ್ಬಿಡ್ತು. ಇಂಥ ಟೈಮಲ್ಲಿ ಹಳೇ ರೇಟಿನ ಸ್ಟಾಕ್ ಇರೋ ಬ್ರ್ಯಾಂಡೆಡ್ ಸಿಸ್ಟಮ್ಮೇ ಅಗ್ಗ ಬೀಳ್ಬೋದು. ಅದಕ್ಕೆ ಪಾರ್ಟ್ ಪಾರ್ಟ್ ರೇಟ್ ಬರೆಸ್ಕೊಂಡು ಅದೇ ವಾರ ಬ್ರ್ಯಾಂಡೆಡ್ ರೇಟೂ ಕೇಳಿ, ಹೋದ್ವರ್ಷ ಫ್ರೆಂಡ್ ತಗೊಂಡ ರೇಟು ಇವತ್ತಿಗೆ ಲೆಕ್ಕಕ್ಕೆ ಬರಲ್ಲ.

ಅಸೆಂಬಲ್ಡ್‌ನ ನಿಜವಾದ ಲಾಭ ಬೇರೆ: ದುಡ್ಡು ಎಲ್ಲಿಗೆ ಹೋಗ್ಬೇಕು ಅಂತ ನೀವು ಹೇಳ್ತೀರಾ. ಬ್ರ್ಯಾಂಡೆಡಲ್ಲಿ ಐ7 ಅಂತ ಸ್ಟಿಕರ್ ದೊಡ್ಡದಾಗಿರುತ್ತೆ, ಒಳಗೆ 8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ ಇರುತ್ತೆ.

ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಬಿಡ್ತೀನಿ ಅಂತಾನೆ ಅಂಗಡಿಯವ್ನು, ತಗೊಳ್ಳಲಾ?

ಬೇಡ. ಬಿಲ್ಲಲ್ಲಿ ಒಂದೊಂದು ಪಾರ್ಟಿನ ಸೀರಿಯಲ್ ನಂಬರ್ ಬರೆದಿದ್ರೇನೇ ನಾಳೆ ವಾರಂಟಿ ಕೇಳೋಕೆ ಬಾಯಿ ಇರೋದು. ನೀವು ರೆಗ್ಯುಲರ್ ಜಿಎಸ್‌ಟಿ ನೋಂದಣಿ ಮಾಡಿಸ್ಕೊಂಡಿದ್ರೆ ಆ 18 ಪರ್ಸೆಂಟ್ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತೆ, ಕಾಂಪೋಸಿಷನ್‌ನಲ್ಲಿ ಇರೋರಿಗೆ ಮಾತ್ರ ಸಿಗಲ್ಲ. ಲೆಕ್ಕಪತ್ರ ಇಡೋರಿಗೆ ಇನ್‌ಕಮ್ ಟ್ಯಾಕ್ಸಲ್ಲಿ ಕಂಪ್ಯೂಟರಿಗೆ 40 ಪರ್ಸೆಂಟ್ ಡಿಪ್ರಿಸಿಯೇಷನ್ನೂ ಇದೆ, ಆಡಿಟರ್ ಹತ್ರ ಕೇಳ್ಕೊಳ್ಳಿ.

ಆಫೀಸಲ್ಲಿ ಬಳಸಿದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ 15 ಸಾವಿರಕ್ಕೆ ಸಿಗ್ತಿದೆ, ಒಂದು ಗ್ರಾಫಿಕ್ಸ್ ಕಾರ್ಡ್ ಹಾಕ್ಕೊಂಡ್ರೆ ಆಗಲ್ವಾ?

ಕಲಿಯೋ ಹುಡುಗ್ರಿಗೆ ಇದು ಒಳ್ಳೆ ದಾರಿ, ನಾನೇ ಇಬ್ಬರಿಗೆ ಕೊಡಿಸಿದೀನಿ. ಆದ್ರೆ ಮೂರು ನೋಡ್ಕೊಳ್ಳಿ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಸರಿಯಾಗಿ ಬೇಕು ಅಂದ್ರೆ ಇಂಟೆಲ್ 8ನೇ ಜನರೇಷನ್ ಅಥವಾ ಆಮೇಲಿನದ್ದೇ ಆಗ್ಬೇಕು, 6ನೇ, 7ನೇ ಜನರೇಷನ್ ಅಗ್ಗಕ್ಕೆ ಸಿಗ್ತಿರೋದೇ ಈ ಕಾರಣಕ್ಕೆ. ಎರಡ್ನೇದು, ಸಣ್ಣ ಸ್ಲಿಮ್ ಕ್ಯಾಬಿನೆಟ್ ಆದ್ರೆ ಮಾಮೂಲಿ ಕಾರ್ಡ್ ಒಳಗೆ ಹಿಡಿಸಲ್ಲ, ಗಿಡ್ಡ ಕಾರ್ಡೇ ಬೇಕು. ಮೂರ್ನೇದು, ಇವುಗಳಲ್ಲಿ ಪಾರ್ಟ್ಸಿಗೆಲ್ಲಾ ಕರೆಂಟ್ ಹಂಚೋ ಎಸ್‌ಎಂಪಿಎಸ್ ಕಂಪ್ನಿಯದ್ದೇ ಅಳತೆ, ಕಂಪ್ನಿಯದ್ದೇ ಪಿನ್ನು, ಕಾರ್ಡಿಗೆ ಕೊಡೋ ಬೇರೆ ವೈರ್ ಹೆಚ್ಚಾಗಿ ಇರಲ್ಲ, ಮಾರ್ಕೆಟ್ಟಿನ ಎಸ್‌ಎಂಪಿಎಸ್ ತಂದ್ರೆ ಕೂರಲ್ಲ. ಸ್ಲಾಟಿಂದಲೇ ಕರೆಂಟ್ ತಗೊಳ್ಳೋ ಕಾರ್ಡ್ ಅಂದ್ರೆ 75 ವ್ಯಾಟ್ ಒಳಗಿಂದು, ಆರ್‌ಟಿಎಕ್ಸ್ 3050ರ 6 ಜಿಬಿ ಮಾಡೆಲ್ ತರದ್ದು. ಅದಕ್ಕಿಂತ ದೊಡ್ಡದು ಆಸೆ ಪಡ್ಬೇಡಿ.

## ಪಾರ್ಟ್ಸ್ ಆರಿಸೋವಾಗ

16 ಜಿಬಿ ರ‍್ಯಾಮ್ ಸಾಕಾ, 32 ಬೇಕಾ?

ಬಾಯಿಮಾತಿಗಿಂತ ಲೆಕ್ಕ ಮಾಡಿ ತೋರಿಸ್ತೀನಿ. ಹತ್ತಡಿ ಅಗಲ ಎಂಟಡಿ ಎತ್ತರದ ಬ್ಯಾನರ್. 72 ಡಿಪಿಐಯಲ್ಲಿ (ಇಂಚಿಗೆ 72 ಚುಕ್ಕೆ) ಮಾಡಿದ್ರೆ 8640 ಗುಣಿಸು 6912 ಪಿಕ್ಸೆಲ್, ಸುಮಾರು ಆರು ಕೋಟಿ ಪಿಕ್ಸೆಲ್ಲು, ಪ್ರಿಂಟಿಗೆ ಬಳಸೋ ನಾಲ್ಕು ಇಂಕಿನ ಸಿಎಂವೈಕೆಯಲ್ಲಿ ಒಂದು ಪಿಕ್ಸೆಲ್ಲಿಗೆ ನಾಲ್ಕು ಬೈಟು, ಅಂದ್ರೆ ತುಂಬಿರೋ ಒಂದೊಂದು ಲೇಯರ್ರೂ 240 ಎಂಬಿ ಹತ್ರ. ದೇವ್ರ ಫೋಟೋ, ಹಿನ್ನೆಲೆ, ಮೇಲೆ ಒಂದು ಗ್ಲೋ, ಕೆಳಗೆ ಊರ ಮುಖಂಡರ ಫೋಟೋಗಳ ಸಾಲು ಅಂತ ಹತ್ತು ಹದಿನೈದು ಲೇಯರ್ ಆದ್ರೆ ಅದೇ 3 ಜಿಬಿ ಮುಟ್ಟುತ್ತೆ, ಮೇಲಿಂದ ಹಿಸ್ಟರಿ ಬೇರೆ, ಪಕ್ಕದಲ್ಲಿ ಕೋರೆಲ್ಲೂ ತೆಗೆದಿರ್ತೀರಾ, ಬ್ರೌಸರಲ್ಲಿ ವಾಟ್ಸಾಪೂ ಓಡ್ತಿರುತ್ತೆ. 16ರಲ್ಲಿ ನಡೆಯುತ್ತೆ, 32ರಲ್ಲಿ ನೆಮ್ಮದಿಯಾಗಿ ನಡೆಯುತ್ತೆ.

ಈಗ ಇದೇ ಬ್ಯಾನರನ್ನ 300 ಡಿಪಿಐಯಲ್ಲಿ ಮಾಡೋರಿದಾರೆ, ಕ್ವಾಲಿಟಿ ಬರುತ್ತೆ ಅಂತ. ಆಗ 36,000 ಗುಣಿಸು 28,800 ಪಿಕ್ಸೆಲ್, ಒಂದೇ ಲೇಯರ್ 4 ಜಿಬಿ ದಾಟುತ್ತೆ, ಪಿಎಸ್‌ಡಿ ಫೈಲಿನ ಮಿತಿ ಒಂದು ಬದಿಗೆ 30,000 ಪಿಕ್ಸೆಲ್ ಆದ್ರಿಂದ ಸೇವೂ ಆಗಲ್ಲ, ದೊಡ್ಡ ಫೈಲಿಗಂತಲೇ ಇರೋ ಪಿಎಸ್‌ಬಿ ಮಾಡ್ಬೇಕು. ಮೂವತ್ತಡಿ ದೂರದಿಂದ ನೋಡೋ ಬ್ಯಾನರಿಗೆ ಇದು ಬೇಕಿಲ್ಲ. "ಸಿಸ್ಟಮ್ ತುಂಬಾ ಸ್ಲೋ, ಹೊಸದು ಬೇಕು" ಅಂತ ಬಂದ ಒಬ್ಬ ಹುಡುಗನ ಫೈಲ್ ತೆಗೆದು ನೋಡಿದ್ರೆ ಇದೇ ಕಥೆ, ಡಿಪಿಐ ಇಳಿಸಿದ್ವಿ, ಅವ್ನು ಇವತ್ತಿಗೂ ಅದೇ 16 ಜಿಬಿಯಲ್ಲೇ ಕೆಲ್ಸ ಮಾಡ್ತಿದಾನೆ. ಎಷ್ಟೇ ತಗೊಳ್ಳಿ, ಒಂದು ಕಡ್ಡಿ ಬದ್ಲು ಎರಡು ಕಡ್ಡಿ ಹಾಕ್ಸಿ, ಎರಡೂ ಒಟ್ಟಿಗೆ ಕೆಲ್ಸ ಮಾಡೋ ಡ್ಯುಯಲ್ ಚಾನೆಲ್ ಆಗುತ್ತೆ, ಕಾರ್ಡ್ ಇಲ್ದೆ ಒಳಗಿನ ಗ್ರಾಫಿಕ್ಸಲ್ಲೇ ಓಡೋ ಸಿಸ್ಟಮ್ಮಿಗೆ ಅದ್ರಿಂದ ಎದ್ದು ಕಾಣೋಷ್ಟು ವ್ಯತ್ಯಾಸ.

ಎಸ್‌ಎಂಪಿಎಸ್‌ಗೆ ಯಾಕೆ ಐದಾರು ಸಾವಿರ, ಕ್ಯಾಬಿನೆಟ್ ಜೊತೆ ಫ್ರೀ ಬರುತ್ತಲ್ಲ?

2018ರ ಅಕ್ಟೋಬರ್ ಕೊನೆ ವಾರ, ರಾಜ್ಯೋತ್ಸವದ ಬ್ಯಾನರುಗಳ ಕೆಲ್ಸ ತಲೆ ಮೇಲಿತ್ತು, ರಾತ್ರಿ ಹನ್ನೊಂದರ ಸುಮಾರಿಗೆ ಕರೆಂಟ್ ಹೋಗಿ ಬಂತು, ಟಪ್ ಅಂತ ಒಂದು ಸದ್ದು, ಆಮೇಲೆ ಸುಟ್ಟ ವಾಸ್ನೆ. ನನ್ನ ಸಿಸ್ಟಮಲ್ಲಿ ಇದ್ದದ್ದು ಕ್ಯಾಬಿನೆಟ್ ಜೊತೆ ಬಂದ ಆ ಫ್ರೀ ಎಸ್‌ಎಂಪಿಎಸ್ಸೇ. ಅದೊಂದೇ ಹೋಗಿದ್ರೆ ಹೋಗ್ಲಿ ಬಿಡು ಅನ್ನಬೋದಿತ್ತು, ಮದರ್‌ಬೋರ್ಡೂ ಹಾರ್ಡ್‌ಡಿಸ್ಕೂ ಎರಡನ್ನೂ ಎಳ್ಕೊಂಡು ಹೋಯ್ತು. ಒಂಬತ್ತು ಬ್ಯಾನರಿನ ಫೈಲು ಅದರೊಳಗೇ ಇತ್ತು. ರಾತ್ರಿಯೆಲ್ಲಾ ಗೆಳೆಯನ ಅಂಗಡಿಯಲ್ಲಿ ಕೂತು ಮತ್ತೆ ಮಾಡಿದೆ, ಮೂರು ಕೊಡೋಕಾಗ್ಲಿಲ್ಲ, ಆ ಮೂರು ಸಂಘದವ್ರು ಮತ್ತೆ ನನ್ನತ್ರ ಬರ್ಲಿಲ್ಲ.

ಕಾಸಿಗೆ ತಕ್ಕ ಕಜ್ಜಾಯ ಅನ್ನೋ ಮಾತು ಎಸ್‌ಎಂಪಿಎಸ್ ವಿಷ್ಯದಲ್ಲಿ ಅಕ್ಷರಶಃ ನಿಜ. ಫ್ರೀ ಬರೋದ್ರ ಮೇಲೆ 450 ವ್ಯಾಟ್ ಅಂತ ಬರ್ದಿರ್ತಾರೆ, ಅಷ್ಟು ಕೊಡೋ ತಾಕತ್ತು ಅದಕ್ಕಿರಲ್ಲ, ವೋಲ್ಟೇಜ್ ಏರಿದಾಗ ತಾನು ಆಫಾಗಿ ಮಿಕ್ಕ ಪಾರ್ಟ್ಸ್ ಉಳಿಸೋ ಸರ್ಕ್ಯೂಟೂ ಇರಲ್ಲ. ಹೆಸರಿರೋ ಕಂಪ್ನಿಯದ್ದು, ಕನಿಷ್ಠ 80 ಪ್ಲಸ್ ಬ್ರಾಂಜ್ (ಕರೆಂಟ್ ಕಡ್ಮೆ ವೇಸ್ಟ್ ಮಾಡುತ್ತೆ ಅನ್ನೋ ಗುರುತು), ಐದು ವರ್ಷ ವಾರಂಟಿ ಇರೋದು ತಗೊಳ್ಳಿ. ಜೊತೆಗೆ ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ಚೆಕ್ ಮಾಡಿಸಿ, ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ ಅಂದ್ರೆ ಇಲ್ಲ ಅಂತ ಅರ್ಥ. ಯುಪಿಎಸ್ 600 ವಿಎ ಅಂದ್ರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ, ಗ್ರಾಫಿಕ್ಸ್ ಕಾರ್ಡ್ ಇರೋ ಸಿಸ್ಟಮ್ಮಿಗೆ ಸಾಕಾಗಲ್ಲ, ಕರೆಂಟ್ ಹೋದ ತಕ್ಷಣ ಯುಪಿಎಸ್ಸೂ ಕೈ ಕೊಡುತ್ತೆ, 1000 ವಿಎ ಮೇಲಿನದ್ದು ನೋಡಿ.

ಸ್ಕ್ರೀನಲ್ಲಿ ಕಂಡ ಕಲರ್ ಪ್ರಿಂಟಲ್ಲಿ ಬರಲ್ಲ, ಸಿಸ್ಟಮ್ ಸರಿ ಇಲ್ವಾ?

ಸಿಸ್ಟಮ್ ಸರಿ ಇದೆ, ನೋಡ್ತಿರೋ ಕಿಟಕಿ ಸರಿ ಇಲ್ಲ. ಬ್ರ್ಯಾಂಡೆಡ್ ಕಾಂಬೋ ಜೊತೆ ಬರೋ ಅಗ್ಗದ ಮಾನಿಟರುಗಳಲ್ಲಿ ಸ್ವಲ್ಪ ತಲೆ ಎತ್ತಿದ್ರೆ ಒಂದು ಬಣ್ಣ, ಇಳಿಸಿದ್ರೆ ಇನ್ನೊಂದು. ಐಪಿಎಸ್ ಪ್ಯಾನೆಲ್, ಎಸ್‌ಆರ್‌ಜಿಬಿ 99 ಅಥವಾ 100 ಪರ್ಸೆಂಟ್ ಅಂತ ಇರೋದು, ಸಾಧ್ಯ ಆದ್ರೆ 27 ಇಂಚು 1440ಪಿ, ಇದಕ್ಕೆ ದುಡ್ಡು ಹಾಕಿ, ಸಿಸ್ಟಮ್ ಎರಡು ಸಲ ಬದಲಾದ್ರೂ ಮಾನಿಟರ್ ಉಳ್ಕೊಳ್ಳುತ್ತೆ. ಬ್ರೈಟ್‌ನೆಸ್ ಪೂರ್ತಿ ಏರಿಸಿ ಕೂರಬೇಡಿ, ಕಾಗದ ತಾನಾಗಿ ಬೆಳಗಲ್ಲ, ಸ್ಕ್ರೀನ್ ಬೆಳಗುತ್ತೆ, ಅದಕ್ಕೇ ಪ್ರಿಂಟ್ ಮಂಕು ಅನ್ಸೋದು. ಮತ್ತೆ ಎಂಥ ಮಾನಿಟರ್ ತಂದ್ರೂ ಸ್ಕ್ರೀನಿನ ಆರ್‌ಜಿಬಿಯ ಆ ಹೊಳೆಯೋ ಗಿಳಿಹಸಿರು, ಕಡುನೀಲಿ ಸಿಎಂವೈಕೆ ಇಂಕಲ್ಲಿ ಬರೋದೇ ಇಲ್ಲ. ನಮ್ಮ ಬಾವುಟದ ಹಳದಿ ಕೆಂಪು ವಿಷ್ಯದಲ್ಲಿ ನಾನು ಕಣ್ಣನ್ನ ನಂಬಲ್ಲ, ನಂಬರ್ ನಂಬ್ತೀನಿ, ಕೆಂಪಿಗೆ ಮೆಜೆಂಟಾ 100 ಯೆಲ್ಲೋ 100, ಹಳದಿಗೆ ಬರೀ ಯೆಲ್ಲೋ 100, ಸಯಾನ್ ಒಂದು ಚೂರೂ ಇಲ್ಲ.

ವಿಡಿಯೋ ಎಡಿಟಿಂಗೂ ಇದೆ, ಇಂಟೆಲ್ಲಾ ಎಎಂಡಿನಾ?

ಕ್ಯಾಮೆರಾದಿಂದ ನೇರವಾಗಿ ಬರೋ ಎಚ್.264, ಎಚ್.265 ಫೈಲ್ ಎಡಿಟ್ ಮಾಡೋರಿಗೆ ಇಂಟೆಲ್ ಒಳಗಿನ ಕ್ವಿಕ್ ಸಿಂಕ್ ಅನ್ನೋ ವಿಡಿಯೋ ಓಡಿಸೋ ಭಾಗ ತುಂಬಾ ಉಪಯೋಗ, ಅದ್ರಲ್ಲೂ ಈಗಿನ ಮಿರರ್‌ಲೆಸ್ ಕ್ಯಾಮೆರಾಗಳ 10 ಬಿಟ್ 4:2:2 (ಬಣ್ಣದ ವಿವರ ಜಾಸ್ತಿ ಇರೋ) ಎಚ್.265 ಫೈಲನ್ನ 11ನೇ ಜನರೇಷನ್ನಿಂದ ಈಚೆಗಿನ ಇಂಟೆಲ್ ಗ್ರಾಫಿಕ್ಸ್ ಸರಾಗವಾಗಿ ಓಡಿಸುತ್ತೆ. ಎಫ್ ಮಾಡೆಲ್ ತಗೊಂಡು ಈ ಲಾಭ ಕಳ್ಕೊಳ್ಳೋರು ಬಹಳ ಜನ. ಎಎಂಡಿ ತಗೊಳ್ಳೋದಾದ್ರೆ ಆರ್‌ಟಿಎಕ್ಸ್ 50 ಸೀರೀಸ್ ಕಾರ್ಡ್ ಜೊತೆ ಹಾಕಿ, ಆ ಸೀರೀಸಿಂದ ಎನ್ವಿಡಿಯಾನೂ 4:2:2 ಓಡಿಸುತ್ತೆ.

ಇಂಟೆಲ್ 13, 14ನೇ ಜನರೇಷನ್ನಿನ ಹೆಚ್ಚು ವ್ಯಾಟಿನ ಪ್ರೊಸೆಸರುಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಹಾಳಾಗೋ ಸಮಸ್ಯೆ ಇತ್ತು, 2024ರ ಆಗಸ್ಟಲ್ಲಿ ಇಂಟೆಲ್ ಅದಕ್ಕೆ ಮೈಕ್ರೋಕೋಡ್ ತಿದ್ದುಪಡಿ ಬಿಟ್ಟು ವಾರಂಟಿಯನ್ನ ಮೂರರಿಂದ ಐದು ವರ್ಷಕ್ಕೆ ಏರಿಸ್ತು. ಆ ತಿದ್ದುಪಡಿ ಬರೋದು ಬೋರ್ಡೊಳಗಿನ ಮೂಲ ಸಾಫ್ಟ್‌ವೇರ್ ಆದ ಬಯೋಸ್ ಅಪ್‌ಡೇಟ್ ಮೂಲಕ, ಅಂಗಡಿಯವ್ರು ಹಳೆ ಬಯೋಸಲ್ಲೇ ಕೊಟ್ರೆ ನಿಮಗೆ ಬಂದಿರಲ್ಲ, ಕೇಳಿ ಮಾಡಿಸ್ಕೊಳ್ಳಿ.

ಬ್ಲೆಂಡರ್, ಇಂಟೀರಿಯರ್ ರೆಂಡರಿಂಗ್ ಮಾಡ್ಬೇಕು, ಈಗ?

ಈಗ ಕಾರ್ಡ್ ಮುಖ್ಯ. ಬ್ಲೆಂಡರಿನ ಸೈಕಲ್ಸ್ ತರದ ರೆಂಡರರುಗಳು ಎನ್ವಿಡಿಯಾ ಕಾರ್ಡಲ್ಲಿ ಆಪ್ಟಿಕ್ಸ್ ಬಳಸಿ ತುಂಬಾ ವೇಗವಾಗಿ ಓಡುತ್ವೆ. ಕಾರ್ಡಿನ ಹೆಸರಿಗಿಂತ ಅದರ ಸ್ವಂತ ಮೆಮೊರಿ ಅಂದ್ರೆ ವಿರ‍್ಯಾಮ್ ನೋಡಿ, ಸೀನ್ ದೊಡ್ಡದಾಗಿ ಮೆಮೊರಿಗೆ ಹಿಡಿಸದಿದ್ರೆ ರೆಂಡರ್ ನಿಂತೇ ಹೋಗುತ್ತೆ, ಇಲ್ಲಾ ತೆವಳುತ್ತೆ. 8 ಜಿಬಿಯ 5060ಗಿಂತ 16 ಜಿಬಿಯ 5060 ಟಿಐ ಈ ಕೆಲ್ಸಕ್ಕೆ ಎಷ್ಟೋ ಮೇಲು. ಈ ಜಾಗದಲ್ಲಿ ನಾನು ಅಸೆಂಬಲ್ಡ್ ಕಡೆಗೇ ನಿಲ್ತೀನಿ, ಯಾಕಂದ್ರೆ ಗಂಟೆಗಟ್ಟಲೆ ಫುಲ್ ಲೋಡಲ್ಲಿ ಓಡೋ ಸಿಸ್ಟಮ್ಮಿಗೆ ಗಾಳಿ ಆಡೋ ಕ್ಯಾಬಿನೆಟ್ ಬೇಕು, ಆಫೀಸ್ ತರದ ಬ್ರ್ಯಾಂಡೆಡ್ ಡಬ್ಬದಲ್ಲಿ ಅದು ಸಿಗಲ್ಲ.

## ತಂದ್ಮೇಲಿನ ಕಥೆ

ನಾವಿರೋದು ತಾಲ್ಲೂಕಲ್ಲಿ, ಬೆಂಗ್ಳೂರು ಎಸ್ಪಿ ರೋಡಿಂದ ತರ್ಲಾ, ಇಲ್ಲೇ ಮಾಡಿಸ್ಲಾ?

ಎಸ್ಪಿ ರೋಡಲ್ಲಿ ಸಿಗದ ಪಾರ್ಟಿಲ್ಲ, ನಾಲ್ಕು ಅಂಗಡಿ ಹತ್ತಿ ಇಳಿದ್ರೆ ರೇಟೂ ಇಳಿಯುತ್ತೆ. ಆದ್ರೆ ಪಾರ್ಟ್ ಕೆಟ್ಟಾಗ ಅದನ್ನ ಸರ್ವಿಸ್ ಸೆಂಟರಿಗೆ ಮುಟ್ಟಿಸೋರು ಯಾರು? ಅಸೆಂಬಲ್ಡಲ್ಲಿ ಮದರ್‌ಬೋರ್ಡಿಗೆ ಒಂದು ಕಂಪ್ನಿ, ಕಾರ್ಡಿಗೆ ಇನ್ನೊಂದು, ಎಸ್‌ಎಸ್‌ಡಿಗೆ ಮತ್ತೊಂದು, ಎಲ್ಲದ್ರ ಸೆಂಟರ್ರೂ ಹೆಚ್ಚಾಗಿ ದೊಡ್ಡ ಊರಲ್ಲಿ. ನನ್ನ ಸಲಹೆ, ಮಾನಿಟರ್, ಎಸ್‌ಎಂಪಿಎಸ್, ಮದರ್‌ಬೋರ್ಡ್ ಈ ಮೂರನ್ನ ನಿಮ್ಮೂರಿನ ಅಥವಾ ಜಿಲ್ಲಾ ಕೇಂದ್ರದ ಅಂಗಡಿಯಲ್ಲೇ ತಗೊಳ್ಳಿ, ಸಾವಿರ ಎರಡು ಸಾವಿರ ಜಾಸ್ತಿ ಆದ್ರೂ ಸರಿ, ಮಿಕ್ಕಿದ್ದು ಎಲ್ಲಿಂದಾದ್ರೂ ಬರ್ಲಿ. ಜೋಡಿಸೋ ಹುಡುಗನಿಗೆ ಕೂಲಿ ಕೊಡೋದ್ರಲ್ಲಿ ಚೌಕಾಶಿ ಮಾಡ್ಬೇಡಿ, ರಾತ್ರಿ ಫೋನ್ ಎತ್ತೋನು ಅವ್ನೇ.

ಆನ್‌ಸೈಟ್ ವಾರಂಟಿ ಅಂದ್ರೆ ನಿಜವಾಗ್ಲೂ ಮನೆಗೆ ಬರ್ತಾರಾ?

ಬಿಸಿನೆಸ್ ಸಾಲಿನ ಮಾಡೆಲುಗಳಿಗೆ ಮೂರು ವರ್ಷದ ಆನ್‌ಸೈಟ್ ತಗೊಂಡಿದ್ರೆ ಬರ್ತಾರೆ, ಬ್ರ್ಯಾಂಡೆಡ್‌ನ ದೊಡ್ಡ ಬಲವೇ ಇದು. ನಿಮ್ಮ ಪಿನ್‌ಕೋಡಿಗೆ ಆ ಸೇವೆ ಇದೆಯಾ ಅಂತ ಮಾತ್ರ ದುಡ್ಡು ಕೊಡೋಕೆ ಮುಂಚೆ ಕೇಳಿ. ಹಾರ್ಡ್‌ಡಿಸ್ಕ್ ಬದಲಾಯಿಸಿ ಕೊಡ್ತಾರೆ, ಅದರೊಳಗಿನ ನಿಮ್ಮ ಫೈಲ್ ತಂದ್ಕೊಡೋ ಜವಾಬ್ದಾರಿ ಯಾವ ವಾರಂಟಿಗೂ ಇಲ್ಲ.

ಜೋಡಿಸಿದ ಸಿಸ್ಟಮ್ ಮನೆಗೆ ತರೋ ಮುಂಚೆ ಅಂಗಡೀಲಿ ಏನೇನ್ ನೋಡ್ಬೇಕು?

ಅರ್ಧ ಗಂಟೆ ಕೂತ್ಕೊಳ್ಳಿ, ಅವಸರ ಮಾಡ್ಬೇಡಿ. ಡಬ್ಬಗಳನ್ನೆಲ್ಲಾ ಕೇಳಿ ಇಸ್ಕೊಳ್ಳಿ, ಪ್ರೊಸೆಸರಿಗೆ ಡಬ್ಬ ಇಲ್ಲ ಅಂದ್ರೆ ಅದು ಟ್ರೇ ಪೀಸು, ವಾರಂಟಿ ಬೇರೆ ತರ ಇರುತ್ತೆ. ಸಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ತೆಗೆದು ರ‍್ಯಾಮ್ ಡ್ಯುಯಲ್ ಚಾನೆಲ್ ಇದೆಯಾ, ಬರೆದ ಸ್ಪೀಡಲ್ಲೇ ಓಡ್ತಿದೆಯಾ ನೋಡಿ, ನಾಲ್ಕು ಸ್ಲಾಟ್ ಇರೋ ಬೋರ್ಡಲ್ಲಿ ಕಡ್ಡಿಗಳು ಸಾಮಾನ್ಯವಾಗಿ ಎರಡ್ನೇ, ನಾಲ್ಕನೇ ಸ್ಲಾಟಲ್ಲಿ ಇರ್ಬೇಕು, ಅಕ್ಕಪಕ್ಕ ಚುಚ್ಚಿ ಕೊಟ್ಟಿರೋದನ್ನ ಎಷ್ಟೋ ಸಲ ನೋಡಿದೀನಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಅಂತ ಬರುತ್ತೆ, ಹೊಸದಾದ್ರೆ ಒಂದಂಕಿ ಇರ್ಬೇಕು, ಸಾವಿರದಲ್ಲಿದ್ರೆ ಅದು ಬಳಸಿದ್ದು. ಪ್ರೊಸೆಸರಿಗೆ ಫುಲ್ ಲೋಡ್ ಕೊಡೋ ಸಿನಿಬೆಂಚ್ ಹತ್ತು ನಿಮಿಷ ಓಡಿಸಿ ಟೆಂಪರೇಚರ್ ನೋಡಿ. ಮನೆಗೆ ತಂದ್ಮೇಲೆ, ಕಾರ್ಡ್ ಇರೋ ಸಿಸ್ಟಮ್ ಆದ್ರೆ, ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಚುಚ್ಚದೆ ಕಾರ್ಡಿಗೆ ಚುಚ್ಚಿ, ಇದೊಂದು ತಪ್ಪಿಂದ ಕಾರ್ಡ್ ಸುಮ್ನೆ ಮಲಗಿರುತ್ತೆ.

ಮುಂದೆ ಅಪ್‌ಗ್ರೇಡ್ ಮಾಡ್ಕೋಬೋದು ಅಂತಾರಲ್ಲ, ಅದು ನಿಜವಾಗ್ಲೂ ಆಗುತ್ತಾ?

ಸಾಕೆಟ್ (ಬೋರ್ಡಲ್ಲಿ ಪ್ರೊಸೆಸರ್ ಕೂರೋ ಜಾಗ) ನೋಡಿ ತಗೊಂಡಿದ್ರೆ ಆಗುತ್ತೆ. ಇಂಟೆಲ್ಲಿನ 12, 13, 14ನೇ ಜನರೇಷನ್ ಕೂರೋ ಎಲ್‌ಜಿಎ 1700 ಮುಗಿದ ದಾರಿ, ಕೋರ್ ಅಲ್ಟ್ರಾ 200 ಸೀರೀಸಿಗೆ ಸಾಕೆಟ್ಟೇ ಬೇರೆ ಆಯ್ತು. ಎಎಂಡಿಯವ್ರು ಎಎಂ5 ಸಾಕೆಟ್ಟಿಗೆ 2027ರ ತನಕ ಬೆಂಬಲ ಕೊಡ್ತೀವಿ ಅಂದಿದಾರೆ. ಬ್ರ್ಯಾಂಡೆಡಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಹೆಚ್ಚಿಸ್ಬೋದು, ಬೋರ್ಡಿನ ಬಯೋಸ್ ಕಂಪ್ನಿ ಕೈಯಲ್ಲಿರೋದ್ರಿಂದ ಹೊಸ ಪ್ರೊಸೆಸರ್ ಕೂರೋದು ಕಷ್ಟ. ನಾನು 2019ರಲ್ಲಿ ಬಿ450 ಬೋರ್ಡಿಗೆ ರೈಝೆನ್ 5 2600 ಹಾಕಿ ಶುರು ಮಾಡಿದ್ದು, ಎರಡು ವರ್ಷ ಬಿಟ್ಟು ರ‍್ಯಾಮ್ 32 ಮಾಡಿದೆ, ಆಮೇಲೆ ಕಾರ್ಡ್ ಬದಲಾಯಿಸಿದೆ, ವಿಡಿಯೋ ಕೆಲ್ಸ ಶುರುವಾದ್ಮೇಲೆ ಬಯೋಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡಿಗೆ 5700ಎಕ್ಸ್ ಕೂರಿಸಿದೆ. ಮೊದಲ ದಿನದಿಂದ ಹಾಗೇ ಉಳ್ಕೊಂಡಿರೋದು ಬೋರ್ಡು, ಕ್ಯಾಬಿನೆಟ್ಟು, ಮತ್ತೆ ಆ ರಾತ್ರಿ ಆದ್ಮೇಲೆ ಎರಡು ಮಾತಾಡದೆ ದುಡ್ಡು ಕೊಟ್ಟು ತಂದ ಎಸ್‌ಎಂಪಿಎಸ್ಸು.